ಮಂಟಪ ತೋರಿಸದ ನೀರು

ಶಿವಮೊಗ್ಗದ ಹಿರಿಯರು ತುಂಗೆಯ ಪ್ರವಾಹವನ್ನು ಕೋರ್ಪಲಯ್ಯನ ಛತ್ರದ ಮಂಟಪದಿಂದ ಅಳೆಯುತ್ತಾರೆ. ಮಂಟಪ ಮುಳುಗಿದರೆ ಹೊಳೆ ತುಂಬಿತೆಂದರ್ಥ. ಭದ್ರಾವತಿಯವರು ಊರ ನಡುವಿನ ಸೇತುವೆಯತ್ತ ನೋಡುತ್ತಾರೆ. ಎರಡು ಹೊಳೆಗಳ ಸ್ವಭಾವ ಬೇರೆ. ತುಂಗೆಗೆ ಗಾಜನೂರಿನಲ್ಲಿರುವುದು ಸುಮಾರು 3 ಟಿಎಂಸಿಯ ಚಿಕ್ಕ ಅಣೆಕಟ್ಟು. ಶೃಂಗೇರಿ, ತೀರ್ಥಹಳ್ಳಿಯ ಮಳೆ ಬೇಗನೆ ನಗರ ಮುಟ್ಟುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯ 71.5 ಟಿಎಂಸಿ ಹಿಡಿಯುತ್ತದೆ. ಮಟ್ಟ 186 ಅಡಿ ಸಮೀಪಿಸಿ ಗೇಟು ತೆರೆದಾಗ ಭದ್ರಾವತಿಗೆ ಆತಂಕ.

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿತು. ಚರಂಡಿ, ಕಾಲುವೆಗಳ ನೀರು ಹರಡುವ ದಾರಿಯನ್ನು ಮಾತ್ರ ಯಾವ ಮಂಟಪವೂ ತೋರಿಸದು. ದಾಖಲೆಯಿಲ್ಲದೆ ಮುನ್ಸೂಚನೆಯಿಲ್ಲ ಎಂಬುದು ಸಾಫ್ಟ್‌ವೇರ್ ಎಂಜಿನಿಯರ್ ಆಗಿ ನಾನು ಕಂಡ ಸತ್ಯ. ಸುವರ್ಣ ಮಹೋತ್ಸವದ ನೆನಪಿಗೆ, ಊರಿನಲ್ಲಿ ನೀರು ಎಲ್ಲಿಯವರೆಗೆ ಬಂತೆಂದು ನಮ್ಮ ಶಾಲೆಯ ಮಕ್ಕಳು ಪ್ರತಿ ಮಳೆಗಾಲವೂ ದಿನಾಂಕಸಹಿತ ಬರೆದಿಡಲಿ.