ಗಾಜಿನ ತೊಟ್ಟಿಯ ಹಿಂದಿನ ಕೈಗಳು

ನಮ್ಮ ಹಾಲ್‌ನಲ್ಲಿರುವ ನಾಲ್ಕಡಿ ಉದ್ದದ ಅಕ್ವೇರಿಯಂ ನೋಡಿದ ಗಂಡಸರು ಸಾಮಾನ್ಯವಾಗಿ ಕೇಳುವುದು, "ಎಷ್ಟು ಖರ್ಚಾಯ್ತು?" ಎಂದು. ಹೆಂಗಸರು ಕೇಳುವ ಪ್ರಶ್ನೆ ಬೇರೆ: "ಇದರ ನೀರು ಬದಲಾಯಿಸೋರು ಯಾರು?"

ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಇಷ್ಟ. ಅಕ್ವೇರಿಯಂನ ಇಡೀ ಇತಿಹಾಸ ಶುರುವಾಗುವುದೇ ಆ ಪ್ರಶ್ನೆಯಿಂದ. ಮೀನನ್ನು ಗಾಜಿನ ಪಾತ್ರೆಯಲ್ಲಿಡುವುದು ಕಷ್ಟವೇನಲ್ಲ. ಅದು ಮೂರು ದಿನದಲ್ಲಿ ಸಾಯದಂತೆ ನೋಡಿಕೊಳ್ಳುವುದು ಕಷ್ಟ. ಆ ಕೆಲಸವನ್ನು ಮೊದಲು ಮಾಡಿದವರು ಯಾರು ಎಂದು ಹುಡುಕುತ್ತ ಹೋದಾಗ ಸಿಕ್ಕ ಕೆಲವರ ಕಥೆಯನ್ನು ನಮ್ಮ ಮಹಿಳಾ ವೇದಿಕೆಯ ಗೆಳತಿಯರೊಂದಿಗೆ ಹಂಚಿಕೊಳ್ಳೋಣ ಅನ್ನಿಸಿತು.

ಮೊದಲನೆಯವಳು ಜೀನ್ ವಿಲೆಪ್ರೂ. 1794ರಲ್ಲಿ ಫ್ರಾನ್ಸಿನ ಜೂಯಾಕ್ ಎಂಬ ಹಳ್ಳಿಯಲ್ಲಿ ಹುಟ್ಟಿದವಳು, ಚಪ್ಪಲಿ ಹೊಲಿಯುವವನ ಮಗಳು. ಹದಿನೆಂಟರ ವಯಸ್ಸಿಗೆ ಕೆಲಸ ಹುಡುಕಿಕೊಂಡು ಪ್ಯಾರಿಸ್ಸಿಗೆ ಹೊರಟಳು. ನಾನೂರು ಕಿಲೋಮೀಟರಿಗೂ ಹೆಚ್ಚಿನ ಆ ದಾರಿಯನ್ನು ನಡೆದೇ ಸಾಗಿದಳಂತೆ. ಅಲ್ಲಿ ದರ್ಜಿಯ ಅಂಗಡಿ ಸೇರಿ ಎಷ್ಟು ಪಳಗಿದಳೆಂದರೆ, 1816ರಲ್ಲಿ ರಾಜಮನೆತನದ ಮದುವೆಯೊಂದಕ್ಕೆ ವಧುವಿನ ಉಡುಪು ತಯಾರಿಸುವ ಕೆಲಸ ಅವಳಿಗೆ ಬಂತು. ಎರಡು ವರ್ಷದ ನಂತರ ಜೇಮ್ಸ್ ಪವರ್ ಎಂಬ ವ್ಯಾಪಾರಿಯನ್ನು ಮದುವೆಯಾಗಿ ಸಿಸಿಲಿ ದ್ವೀಪದ ಮೆಸ್ಸಿನಾ ಊರಿಗೆ ಹೋದಳು. ಕಾಲೇಜು ಮೆಟ್ಟಿಲು ಹತ್ತದ ಹೆಣ್ಣುಮಗಳು ಅಲ್ಲಿ ದ್ವೀಪವಿಡೀ ಸುತ್ತಿ ಗಿಡ, ಚಿಟ್ಟೆ, ಚಿಪ್ಪುಗಳನ್ನು ತಾನಾಗಿಯೇ ಅಭ್ಯಾಸ ಮಾಡಿದಳು.

ಆಗ ವಿಜ್ಞಾನಿಗಳ ನಡುವೆ ಒಂದು ಜಗಳವಿತ್ತು. ಆರ್ಗೊನಾಟ್ ಎಂಬ, ಆಕ್ಟೋಪಸ್ ಬಳಗದ ಪ್ರಾಣಿಗೆ ತೆಳ್ಳನೆಯ ಸುಂದರ ಚಿಪ್ಪಿದೆ. ಆ ಚಿಪ್ಪು ಅದರದ್ದೇ, ಅಥವಾ ಸನ್ಯಾಸಿ ಏಡಿಯಂತೆ ಬೇರೆಯವರದ್ದನ್ನು ಕದ್ದು ಹೊಕ್ಕಿದೆಯೇ? ಸತ್ತ ಪ್ರಾಣಿಯನ್ನು ಸೀಸೆಯಲ್ಲಿಟ್ಟು ವಾದಿಸುತ್ತಿದ್ದವರಿಗೆ ಉತ್ತರ ಸಿಗುವಂತಿರಲಿಲ್ಲ. ಜೀನ್ 1832ರ ಹೊತ್ತಿಗೆ ಗಾಜಿನ ತೊಟ್ಟಿ ಮಾಡಿಸಿದಳು. ಸಮುದ್ರದಲ್ಲೇ ಇಳಿಬಿಡುವಂಥ ಪಂಜರಗಳನ್ನೂ ಮಾಡಿಸಿದಳು. ಚಿಪ್ಪಿನ ತುಂಡು ಮುರಿದು ಕಾದು ಕೂತಳು. ಪ್ರಾಣಿ ತಾನೇ ಅದನ್ನು ದುರಸ್ತಿ ಮಾಡಿಕೊಂಡಿತು. ಜಗಳ ಮುಗಿಯಿತು. 1838ರಲ್ಲಿ ಅವಳ ಸಂಗ್ರಹವನ್ನು ಹೊತ್ತು ಹೊರಟ ಹಡಗು ಮುಳುಗಿ ವರ್ಷಗಟ್ಟಲೆಯ ದುಡಿಮೆ ಸಮುದ್ರದ ಪಾಲಾಯಿತು. 1871ರಲ್ಲಿ ಹುಟ್ಟೂರಿನಲ್ಲೇ ತೀರಿಕೊಂಡಳು. ಬಹಳ ಕಾಲ ಯಾರೂ ಅವಳನ್ನು ನೆನೆಯಲಿಲ್ಲ. 1997ರಲ್ಲಿ ಶುಕ್ರಗ್ರಹದ ಮೇಲಿನ ಒಂದು ಕುಳಿಗೆ ಅವಳ ಹೆಸರಿಟ್ಟರು.

ಎರಡನೆಯವಳು ಲಂಡನ್ನಿನ ಆನಾ ಥಿನ್. ವೆಸ್ಟ್‌ಮಿನ್ಸ್ಟರ್ ಅಬ್ಬೆಯ ಹಿರಿಯ ಪಾದ್ರಿಯ ಹೆಂಡತಿ, ದೊಡ್ಡ ಮನೆತನ. 1846ರಲ್ಲಿ ಟಾರ್ಕಿ ಎಂಬ ಕಡಲೂರಿಗೆ ಹೋದಾಗ ಜೀವಂತ ಹವಳಗಳನ್ನು ಕಂಡು, ಲಂಡನ್ನಿಗೆ ಒಯ್ಯಲೇಬೇಕೆಂದು ಹಟ ಹಿಡಿದಳು. ದಾರಿಯಲ್ಲಿ ಒಂದಕ್ಕೊಂದು ಬಡಿಯದಿರಲಿ ಎಂದು ಒಂದೊಂದನ್ನೂ ಸೂಜಿ ದಾರದಿಂದ ಸ್ಪಂಜಿಗೆ ಹೊಲಿದು ತಂದಳು. (ಇಲ್ಲೂ ಹೊಲಿಗೆಯೇ ಕೆಲಸಕ್ಕೆ ಬಂದದ್ದು ನೋಡಿ!) ಮನೆಗೆ ಬಂದ ಮೇಲೆ ನಿಜವಾದ ತೊಂದರೆ. ತಂದ ಸಮುದ್ರದ ನೀರು ಮುಗಿಯಿತು. ಹಳೆಯ ನೀರನ್ನೇ ಬಳಸಬೇಕಾದರೆ ಅದಕ್ಕೆ ಗಾಳಿ ಸೇರಿಸಬೇಕು. ಅದಕ್ಕಾಗಿ ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರನ್ನು ಮೇಲಿನಿಂದ ಸುರಿಯುವುದು, ಮತ್ತೆ ತುಂಬುವುದು, ಮತ್ತೆ ಸುರಿಯುವುದು. ದಿನಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ.

ಸುರಿದವಳು ಆನಾ ಅಲ್ಲ, ಅವಳ ಮನೆಗೆಲಸದ ಹುಡುಗಿ. ಹುಡುಗಿಗೆ ಇದು ಆಯಾಸದ ಕೆಲಸ ಎಂಬುದನ್ನು ಆನಾ ಬರೆದಿಟ್ಟಿದ್ದಾಳೆ, ಅಷ್ಟರಮಟ್ಟಿಗೆ ಒಳ್ಳೆಯವಳೇ. ಹುಡುಗಿಯ ಹೆಸರನ್ನು ಮಾತ್ರ ಬರೆದಿಲ್ಲ. ಮರುವರ್ಷ ಆನಾ ತೊಟ್ಟಿಗೆ ಸಮುದ್ರದ ಸಸ್ಯಗಳನ್ನು ತಂದು ಹಾಕಿದಳು. ಸಸ್ಯಗಳು ಬೆಳಕು ಕುಡಿದು ಆಮ್ಲಜನಕ ಬಿಡತೊಡಗಿದವು. ಅಂದರೆ, ಒಬ್ಬ ಹುಡುಗಿಯ ತೋಳು ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಗಿಡ ವಹಿಸಿಕೊಂಡಿತು. ಇಂದು ನಮ್ಮ ಮನೆಗಳಲ್ಲಿ ಬುಳುಬುಳು ಎನ್ನುವ ಏರ್ ಪಂಪ್ ಮಾಡುವುದೂ ಅವಳದೇ ಕೆಲಸ.

ಆದರೆ ಸಾಮಾನ್ಯ ಪುಸ್ತಕಗಳಲ್ಲಿ ಸಿಗುವ ಇತಿಹಾಸ ರಾಬರ್ಟ್ ವಾರಿಂಗ್ಟನ್‌ನಿಂದ ಶುರುವಾಗುತ್ತದೆ. ಅವನಿಗೆ ಸಲ್ಲಬೇಕಾದದ್ದು ಸಲ್ಲಲಿ. ಗಿಡ ಗಾಳಿಯನ್ನು ಹಸನು ಮಾಡುತ್ತದೆ ಎಂದು ಪ್ರೀಸ್ಟ್ಲಿ 1771ರಲ್ಲೇ ಪುದೀನದ ಕಡ್ಡಿಯಿಂದ ತೋರಿಸಿದ್ದ. ಅದಕ್ಕೆ ಬೆಳಕು ಬೇಕೇ ಬೇಕೆಂದು ಇಂಗೆನ್‌ಹೌಸ್ 1779ರಲ್ಲಿ, ನೀರಲ್ಲಿ ಮುಳುಗಿಸಿದ ಎಲೆಗಳಿಂದ ಏಳುವ ಗುಳ್ಳೆ ನೋಡಿ ಕಂಡುಕೊಂಡಿದ್ದ. ವಾರಿಂಗ್ಟನ್ ಇದನ್ನು ಸಿಹಿನೀರಿಗೆ ತಂದ. ಗಾಜಿನ ಪಾತ್ರೆಯಲ್ಲಿ ಗೋಲ್ಡ್ ಫಿಶ್ ಬಿಟ್ಟು, ವ್ಯಾಲಿಸ್ನೇರಿಯಾ ಎಂಬ ಉದ್ದೆಲೆಯ ಜಲಸಸ್ಯ ನೆಟ್ಟ. ಕೊಳೆತ ಎಲೆಗಳಿಂದ ನೀರು ರಾಡಿಯಾದಾಗ ಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನು ತಿಂದವು. ಮೀನು, ಗಿಡ, ಹುಳು ಮೂರೂ ಒಂದಕ್ಕೊಂದು ಆಧಾರ. 1850ರಲ್ಲಿ ಕೆಮಿಕಲ್ ಸೊಸೈಟಿಗೆ ವರದಿ ಕೊಟ್ಟ. ನಾಟಿ ಮಾಡಿದ ಸಿಹಿನೀರಿನ ಅಕ್ವೇರಿಯಂನ ಸೂತ್ರ ಅಲ್ಲಿಂದಾಚೆ ಬದಲಾಗಿಲ್ಲ. 1845ರಲ್ಲಿ ಇಂಗ್ಲೆಂಡ್ ಗಾಜಿನ ಮೇಲಿನ ತೆರಿಗೆ ತೆಗೆದುಹಾಕಿದ್ದರಿಂದ ಗಾಜೂ ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮತ್ಸ್ಯಾಲಯ ತೆರೆಯಿತು. ಮರುವರ್ಷ ಗಾಸ್ ಎಂಬಾತ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಮನೆಮಾತಾಯಿತು.

ನಮ್ಮ ದೇಶದಲ್ಲಿ ಜನಸಾಮಾನ್ಯರು ಮೀನು ನೋಡಲು ಸಾಲುಗಟ್ಟಿದ್ದು ತಡವಾಗಿ. ಮುಂಬೈಯ ತಾರಾಪೋರ್‌ವಾಲಾ ಅಕ್ವೇರಿಯಂ 1951ರದ್ದು, ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿನ ಸರ್ಕಾರಿ ಮತ್ಸ್ಯಾಲಯ 1983ರದ್ದು. ಬೆಂಗಳೂರಿನಲ್ಲಿ ಬೆಳೆದ ನನ್ನ ವಯಸ್ಸಿನವರಿಗೆ ಕಬ್ಬನ್ ಪಾರ್ಕಿನ ಪುಟಾಣಿ ರೈಲು, ಆಮೇಲೆ ಮತ್ಸ್ಯಾಲಯ, ಆಮೇಲೆ ಚುರುಮುರಿ ಎನ್ನುವುದು ಒಂದೇ ಪ್ಯಾಕೇಜ್.

ಪೆಟ್ಟಿಗೆಯ ಕಥೆ ಇದಾಯಿತು. ಅದರೊಳಗಿನ ಮೀನುಗಳ ಕಥೆ ಹೇಳಬೇಕಾದರೆ ನಾನಿರುವ ಊರಿಗೇ ಬರಬೇಕು. ಕುರಕುಂಭ ಎಂದರೆ ಪುಣೆಯವರಿಗೆ ಕೆಮಿಕಲ್ ಫ್ಯಾಕ್ಟರಿಗಳ ಎಂಐಡಿಸಿ, ಸೋಲಾಪುರ ಹೈವೇ, ಹೆಚ್ಚೆಂದರೆ ಫಿರಂಗಾಯಿ ದೇವಿಯ ಗುಡಿ. ಆದರೆ ಇದು ದೌಂಡ್ ತಾಲೂಕು, ಭೀಮಾ ನದಿಯ ಸೀಮೆ. ಇದೇ ಭೀಮೆ ಮುಂದೆ ನಮ್ಮ ಕಲಬುರಗಿ, ಯಾದಗಿರಿ ದಾಟಿ ಕೃಷ್ಣೆಯನ್ನು ಸೇರುತ್ತದೆ. 1824ರಿಂದ ಕೆಲವು ವರ್ಷ ಬಾಂಬೆ ಸರ್ಕಾರದ ಅಂಕಿಅಂಶಗಳ ಅಧಿಕಾರಿಯಾಗಿ ಈ ಭಾಗ ಸುತ್ತಿದ ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ ಇಲ್ಲಿನ ಮೀನುಗಳ ಬಗ್ಗೆ ಬರೆದ. ಅವನ ಬರಹದಲ್ಲಿ ದೌಂಡಿನ ಆಚೆ ಭೀಮೆಯ ದಡದಲ್ಲಿರುವ ಪೇಡಗಾಂವ್ 'ಪೈರ್‌ಗಾಂವ್' ಎಂಬ ರೂಪದಲ್ಲಿ ಬರುತ್ತದೆ. ಖುದ್ರಿ, ಕೋಲಸ್, ನುಕ್ತಾ, ಪೋಟೈಲ್ ಎಂದು ಇಲ್ಲಿನವರು ಕರೆಯುತ್ತಿದ್ದ ಹೆಸರುಗಳನ್ನೇ ಮೀನುಗಳ ವೈಜ್ಞಾನಿಕ ಹೆಸರಾಗಿ ಅವನು ಉಳಿಸಿದ. ಇಂದಿಗೂ ಪ್ರಪಂಚದ ಯಾವ ಪ್ರಯೋಗಾಲಯದಲ್ಲಿ ಡೆಕ್ಕನ್ ಮಹಶೀರ್ ಬಗ್ಗೆ ಬರೆದರೂ 'ಟೋರ್ ಖುದ್ರಿ' ಎಂದೇ ಬರೆಯಬೇಕು. ಆ ಹೆಸರು ಹೇಳಿಕೊಟ್ಟ ಬೆಸ್ತರು ಯಾರು, ಮೀನನ್ನು ಬುಟ್ಟಿಯಿಂದ ತೆಗೆದು ತೋರಿಸಿದವರಲ್ಲಿ ಹೆಂಗಸರೆಷ್ಟು, ದಾಖಲೆಯಿಲ್ಲ.

ಸೈಕ್ಸ್‌ನೇ ಮೊದಲಿಗನೂ ಅಲ್ಲ. ಅವನಿಗಿಂತ ಏಳು ಶತಮಾನ ಮುಂಚೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಸಮುದ್ರದ ಮೀನು ಯಾವುದು, ನದಿಯದು ಯಾವುದು, ಹುರುಪೆಯಿರುವುದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಯಾವ ಉಂಡೆ ಹಾಕಿ ಸಾಕಬೇಕು ಎಂಬ ವಿವರಗಳಿವೆ. ಕೊನೆಗೆ ಗಾಳ ಹಾಕಿ ಹಿಡಿಯುವ ಆಟಕ್ಕೇ ಇದೆಲ್ಲ, ನಿಜ. ಅರಸನ ವಿನೋದ ಅಲ್ಲವೇ!

ಮೀನಿನ ಹೆಸರಿನಲ್ಲಿ ಕೆಲಸಗಾರನ ಹೆಸರು ಸೇರಿದ ಉದಾಹರಣೆಯೂ ಒಂದಿದೆ. 1800ರಲ್ಲಿ ಮೈಸೂರು, ಕೆನರಾ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್‌ನ ಹೆಸರು ಇತಿಹಾಸ ಓದಿದ ಕನ್ನಡಿಗರಿಗೆಲ್ಲ ಗೊತ್ತು. ಆತ ಮುಂದೆ 1822ರಲ್ಲಿ ಗಂಗಾ ನದಿಯ ಮೀನುಗಳ ಮೇಲೆ ದೊಡ್ಡ ಪುಸ್ತಕ ತಂದ. ಅದಕ್ಕೆ ಚಿತ್ರ ಬರೆದವನು ಹಲದಾರ್ ಎಂಬ ಬಂಗಾಳಿ ತರುಣ. ಸುಮಾರು ಇನ್ನೂರು ವರ್ಷ ಅವನನ್ನು ಯಾರೂ ಕೇಳಲಿಲ್ಲ. 2013ರಲ್ಲಿ ಶ್ರೀಲಂಕಾದ ರೋಹನ್ ಪೆತಿಯಾಗೊಡ, ನಮ್ಮ ಪಶ್ಚಿಮ ಘಟ್ಟದ ಪುಟ್ಟ ಮೀನುಗಳ ಒಂದು ಕುಲಕ್ಕೆ 'ಹಲುದಾರಿಯ' ಎಂದು ಹೆಸರಿಟ್ಟರು. ಕೆಂಪು ಮೈಗೆ ಕಪ್ಪು ಪಟ್ಟೆಯಿರುವ, ಅಂಗಡಿಯವರು 'ಮೆಲನ್ ಬಾರ್ಬ್' ಎನ್ನುವ ಮೀನು ಈ ಕುಲದ್ದೇ. ನಮ್ಮ ತೊಟ್ಟಿಯಲ್ಲಿ ಎಂಟು ಇವೆ.

ತೊಟ್ಟಿಯ ವಿಷಯ ಬಂದಿದ್ದರಿಂದ, ಕಟ್ಟುವ ಆಸೆಯಿರುವವರಿಗೆ ಎರಡು ಮಾತು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಎಂದರೆ ಸುಮಾರು 240 ಲೀಟರ್ ನೀರು. ಗಾಜು, ಮಣ್ಣು, ಕಲ್ಲು ಸೇರಿ 300 ಕಿಲೋ ದಾಟುತ್ತದೆ. ಆದ್ದರಿಂದ ಮೊದಲ ಖರ್ಚು ಗಟ್ಟಿ ಸ್ಟ್ಯಾಂಡಿಗೆ. ಇಂದಿನ ಶೈಲಿಗೆ ಕಾರಣ ಜಪಾನಿನ ತಕಾಶಿ ಅಮಾನೊ. ಸೈಕಲ್ ರೇಸ್ ಓಡುತ್ತಿದ್ದ ಈತ 1982ರಲ್ಲಿ ಕಂಪನಿ ಕಟ್ಟಿ, ಪೋಷಕಾಂಶವಿರುವ ಮಣ್ಣು, ಪ್ರಖರ ಬೆಳಕು, ಸಿಲಿಂಡರಿನಿಂದ ಹನಿಹನಿಯಾಗಿ ಬಿಡುವ ಕಾರ್ಬನ್ ಡೈಆಕ್ಸೈಡ್, ಈ ಮೂರನ್ನೂ ಜೋಡಿಸಿ ನೀರೊಳಗೆ ಕಾಡು ಮಾಡಿ ತೋರಿಸಿದ. 2015ರಲ್ಲಿ ಸಾಯುವ ಕೆಲವೇ ತಿಂಗಳ ಮುಂಚೆ ಲಿಸ್ಬನ್‌ನಲ್ಲಿ ಅವನು ಮುಗಿಸಿದ ತೊಟ್ಟಿ 40 ಮೀಟರ್ ಉದ್ದ, 1,60,000 ಲೀಟರ್!

ನಮ್ಮ ಕಡೆ ಬೋರ್ ನೀರು ಗಡಸು, ಕುಕ್ಕರ್ ತಳದಲ್ಲಿ ಬಿಳಿ ಪದರ ಕಟ್ಟುವಂಥದ್ದು. ಹಾಗಾಗಿ ಗಡಸು ನೀರಿಗೆ ಬಗ್ಗುವ ವ್ಯಾಲಿಸ್ನೇರಿಯಾ, ಹೈಗ್ರೋಫಿಲಾ, ಕ್ರಿಪ್ಟೊಕೊರೈನ್‌ಗಳನ್ನೇ ಆರಿಸಿದೆ. ಇವುಗಳಲ್ಲಿ ಕೆಲವು ನಮ್ಮ ಹೊಳೆಗಳ ಗಿಡಗಳೇ. ಘಟ್ಟದ ತೊರೆಯಲ್ಲಿ ತಾನೇ ಬೆಳೆಯುವ ಕುಲದ ಗಿಡ ಡೆನ್ಮಾರ್ಕಿನ ನರ್ಸರಿಯ ಚೀಟಿ ಹಚ್ಚಿಕೊಂಡು ಕುಂಡದಲ್ಲಿ ನಮ್ಮ ಮನೆಗೆ ಬರುವುದನ್ನು ನೋಡಿದರೆ ನಗು ಬರುತ್ತದೆ. ಗಿಡ ನೆಟ್ಟ ಕೂಡಲೇ ಮೀನು ಬಿಡುವಂತಿಲ್ಲ. ಕೊಳೆತದ್ದರಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ರಾತ್ರಿ ಗಿಡವೂ ಆಮ್ಲಜನಕ ಎಳೆದುಕೊಳ್ಳುತ್ತದೆ, ಆದ್ದರಿಂದ ದೀಪದ ಜೊತೆಗೆ ಸಿಲಿಂಡರೂ ಬಂದ್ ಆಗಬೇಕು. ರಾತ್ರಿ ಬಹಳ ಹೊತ್ತು ಕರೆಂಟ್ ಹೋದರೆ ಉಳಿದಿರುವ ಉಪಾಯ ಹಳೆಯದೇ: ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಮೇಲಿನಿಂದ ಸುರಿಯುವುದು. ಹತ್ತು ನಿಮಿಷಕ್ಕೇ ರಟ್ಟೆ ನೋಯುತ್ತದೆ.

ಗೆಳತಿಯರ ಪ್ರಶ್ನೆಗೆ ಉತ್ತರವನ್ನೂ ಹೇಳಿಬಿಡುತ್ತೇನೆ. ವಾರಕ್ಕೆ 60 ಲೀಟರ್, ಎಂದರೆ ನಾಲ್ಕು ಬಕೆಟ್ ನೀರು ಬದಲಿಸಬೇಕು. ಒಂದು ಶನಿವಾರ ನಾನು, ಮುಂದಿನ ಶನಿವಾರ ನಮ್ಮೆಜಮಾನರು. ಕೆಲಸಕ್ಕೆ ಬರುವ ಮಾವಶಿಗೆ ಇದನ್ನು ಹಚ್ಚಬಾರದೆಂಬುದು ತೊಟ್ಟಿ ತರುವ ಮೊದಲೇ ಆದ ಕರಾರು. ಹವ್ಯಾಸ ನಮ್ಮದು, ಬಕೆಟ್ಟೂ ನಮ್ಮದೇ. ಆ ನೀರು ತುಳಸಿಗೆ, ಕರಿಬೇವಿಗೆ ಒಳ್ಳೆಯ ಗೊಬ್ಬರ.

ಕೊನೆಗೆ ನಾನು ತರದೆ ಬಿಟ್ಟ ಒಂದು ಮೀನಿನ ವಿಷಯ. ಕೊಡಗಿನಲ್ಲಿ ಹುಟ್ಟಿ ಕಾಸರಗೋಡಿನ ಬಳಿ ಕಡಲು ಸೇರುವ ಚಂದ್ರಗಿರಿ ಹೊಳೆಯಲ್ಲೂ ಕೇರಳದ ಇನ್ನೂ ಕೆಲವು ಹೊಳೆಗಳಲ್ಲೂ ಇರುವ, ಕೆಂಪು ಗೆರೆಯ ಸುಂದರಿ 'ಮಿಸ್ ಕೇರಳ'. 1865ರಲ್ಲಿ ಫ್ರಾನ್ಸಿಸ್ ಡೇ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. 1990ರ ದಶಕದ ನಂತರ ವಿದೇಶದ ಅಕ್ವೇರಿಯಂಗಳಿಂದ ಬೇಡಿಕೆ ಏರಿ, ಹೊಳೆಗಳಿಂದ ಬಾಚಿ ಬಾಚಿ ಸಾಗಿಸಿದರು. ಮೀನು ಅಳಿವಿನಂಚಿನ ಪಟ್ಟಿಗೆ ಸೇರಿತು. 2008ರಲ್ಲಿ ಕೇರಳ ಸರ್ಕಾರ ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಹೊಳೆಗೆ ಬಲೆ ಹಾಕದೆಯೇ ಇದನ್ನು ತೊಟ್ಟಿಯಲ್ಲಿ ಮರಿ ಮಾಡಿಸುವ ವಿಧಾನವನ್ನು ರೂಪಿಸಿದವರು ಕೊಚ್ಚಿ ಬಳಿಯ ಪನಂಗಾಡ್ ಮೀನುಗಾರಿಕಾ ಕಾಲೇಜಿನ ಪ್ರಾಧ್ಯಾಪಕಿ ಅನ್ನಾ ಮರ್ಸಿ. ಲಂಡನ್ನಿನ ಆನಾಳ ಹೆಸರೇ, ಕಾಕತಾಳೀಯ. ಘಟ್ಟದ ಇತರ ಅಲಂಕಾರಿಕ ಮೀನುಗಳ ಮೇಲೂ ಅವರು ಕೆಲಸ ಮಾಡಿದ್ದಾರೆ. ಜೀನ್ ತನ್ನ ಗಾಜಿನ ತೊಟ್ಟಿಯ ಮುಂದೆ ಕಾದು ಕೂತಂತೆಯೇ ಇಲ್ಲೂ ಕೆಲಸ ನಡೆಯುವುದು ಮೊಟ್ಟೆ, ಮರಿ, ಆಹಾರ ಎಂದು ದಿನವೂ ಗಮನಿಸಿ ಬರೆದಿಟ್ಟುಕೊಳ್ಳುತ್ತ.