ನೆಗಳೂರಿನ ಕಲ್ಲು, ಹೊಂಬಳದ ಬೆಳಕು



ನಾನು ಏಳನೆಯ ಇಯತ್ತೆಯಲ್ಲಿದ್ದಾಗಿನ ಮಾತು. ಹೊಂಬಳದ ನಮ್ಮ ಕಣದಲ್ಲಿ ಜೋಳದ ರಾಶಿ ಕಾಯಲು ಅಜ್ಜನೊಡನೆ ಮಲಗಿದ್ದೆ. ನಡುರಾತ್ರಿ ಎಚ್ಚರವಾದಾಗ ಆಕಾಶದಲ್ಲಿ ಬೆಂಕಿಯ ಉಂಡೆಯೊಂದು ಸರಿದುಹೋಯಿತು. ಮೇಟಿಗಂಬದ ನೆರಳು ಕಣದ ಮೇಲೆ ಓಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೆಳಿಗ್ಗೆ ಅಜ್ಜಿಗೆ ಹೇಳಿದೆ. “ಚುಕ್ಕಿ ಬಿದ್ದದ್ದು ಯಾರ ಮುಂದೂ ಹೇಳಬ್ಯಾಡ ತಮ್ಮಾ” ಎಂದು ಬಾಯಿ ಮುಚ್ಚಿಸಿದಳು. ಮುಂದೆ ಕೆಲವೇ ದಿನಗಳಲ್ಲಿ ಅಜ್ಜ ತೀರಿಕೊಂಡ. ಆತನಿಗೆ ವರ್ಷಗಳಿಂದ ಉಬ್ಬಸವಿತ್ತು. ಆದರೂ ನಾನು ಹೇಳಿದ್ದರಿಂದಲೇ ಹೀಗಾಯಿತೆಂಬ ಅಳುಕು ಬಹುಕಾಲ ನನ್ನನ್ನು ಬಿಡಲಿಲ್ಲ.

ಶಿಕ್ಷಕನಾದ ಮೇಲೆ ನೆಗಳೂರಿನ ಸಂಗತಿಯನ್ನು ಓದಿದೆ. 1848ರ ಫೆಬ್ರುವರಿ 15ರಂದು ಆ ಊರಿನಲ್ಲಿ ಆಕಾಶದಿಂದ ಕಲ್ಲೊಂದು ಬಿತ್ತು. ನೆಗಳೂರು ಈಗ ಹಾವೇರಿ ಜಿಲ್ಲೆಯಲ್ಲಿ ಗುತ್ತಲದ ಸಮೀಪದಲ್ಲಿದೆ. ಆಗ ಅದು ಧಾರವಾಡ ಜಿಲ್ಲೆಗೆ ಸೇರಿತ್ತು. ನಮ್ಮ ಗದಗವೂ 1997ರವರೆಗೆ ಅದೇ ಜಿಲ್ಲೆಯಲ್ಲಿತ್ತು. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಸುಮಾರು 1.8 ಕಿಲೋಗ್ರಾಂ ತೂಕದ ಈ ಕಲ್ಲಿಗೆ ‘ಧಾರವಾಡ’ ಎಂದೇ ಹೆಸರು. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯ ಬಳಿ ಬಿದ್ದ ಕಲ್ಲುಗಳೂ ಅದೇ ಪಟ್ಟಿಯಲ್ಲಿವೆ.

ಆಕಾಶದಿಂದ ಕಲ್ಲು ಬೀಳುವುದನ್ನು ಯುರೋಪಿನ ಪಂಡಿತರೂ ಬಹುಕಾಲ ನಂಬಿರಲಿಲ್ಲ. 1794ರಲ್ಲಿ ಜರ್ಮನಿಯ ಕ್ಲಾಡ್ನಿ ಇವು ಅಂತರಿಕ್ಷದಿಂದ ಬಂದವು ಎಂದಾಗ ಅನೇಕರು ಅಲ್ಲಗಳೆದರು. 1803ರಲ್ಲಿ ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಕಲ್ಲಿನ ಮಳೆಯೇ ಸುರಿಯಿತು. ವಿಜ್ಞಾನಿ ಬಿಯೋ ಅಲ್ಲಿಗೆ ಹೋಗಿ, ಕಣ್ಣಾರೆ ಕಂಡ ಹಳ್ಳಿಗರ ಮಾತುಗಳನ್ನು ಸಂಗ್ರಹಿಸಿ ವರದಿ ಒಪ್ಪಿಸಿದ ಮೇಲೆ ಸಂದೇಹ ಕರಗಿತು. ಅಂದರೆ, ಕಂಡವರು ಬಾಯಿಬಿಟ್ಟು ಹೇಳಿದ್ದರಿಂದಲೇ ಆ ಸತ್ಯ ನಿಂತಿತು.

2013ರ ಫೆಬ್ರುವರಿ 15ರಂದು, ನೆಗಳೂರಿನ ತಾರೀಖಿನಂದೇ, ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಭಾರಿ ಉಲ್ಕೆಯೊಂದು ಸಿಡಿಯಿತು. ಬೆಳಕು ಕಂಡು ಕಿಟಕಿಗೆ ಬಂದವರ ಮೇಲೆ, ಹಿಂದಿನಿಂದ ಬಂದ ಆಘಾತದ ಅಲೆಗೆ ಗಾಜುಗಳು ಒಡೆದು ಬಿದ್ದವು. ಸುಮಾರು 1,500 ಜನ ಗಾಯಗೊಂಡರು. ಬೆಳಕು ಮೊದಲು, ಸದ್ದು ಆಮೇಲೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ಸದ್ದು ನಿಮಿಷಕ್ಕೆ ಸುಮಾರು 20 ಕಿಲೋಮೀಟರ್ ದೂರ ಸಾಗುತ್ತದೆ.

ಆದ್ದರಿಂದ ಇಂಥ ಬೆಳಕು ಕಂಡರೆ ಕಿಟಕಿಯಿಂದ ದೂರ ನಿಂತು ಗಡಿಯಾರ ನೋಡಿರಿ. ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಯಿತು, ಸದ್ದು ಎಷ್ಟು ಹೊತ್ತಿಗೆ ಕೇಳಿತು ಎಂಬುದನ್ನು ಬರೆದಿಡಿರಿ. ಅಜ್ಜಿಯನ್ನು ನಾನು ದೂರುವುದಿಲ್ಲ. ಆಕೆಗೆ ಮೊಮ್ಮಗನ ಮೇಲಿನ ಕಾಳಜಿ. ಆದರೆ ಅಜ್ಜ ತೀರಿಕೊಂಡ ದಿನ ನಮ್ಮ ಮನೆಯವರಿಗೆಲ್ಲ ಗೊತ್ತು. ಹೊಂಬಳದ ಮೇಲೆ ಆ ಬೆಳಕು ಹರಿದ ದಿನ ಯಾವುದೆಂದು ಯಾರಿಗೂ ಗೊತ್ತಿಲ್ಲ, ಕಂಡ ನನಗೂ ಸಹ.