ಸೀಸೆಯ ಮೇಲಣ ಮುಖ

ನಾಣ್ಯದ ಮೇಲೆ ಅರಸನ ಮುಖವನ್ನು ಅಚ್ಚೊತ್ತುವ ಪದ್ಧತಿಯು ಅತಿ ಪ್ರಾಚೀನವಾದುದು. ಲೋಹದ ತೂಕಕ್ಕೂ ಶುದ್ಧಿಗೂ ಆ ಮುಖವೇ ಹೊಣೆ. ಆದರೆ ಸಾಮಾನ್ಯ ವರ್ತಕನು ತನ್ನ ಸರಕಿಗೆ ತನ್ನ ಮುಖವನ್ನೇ ಮುದ್ರೆಯಾಗಿಸಿಕೊಂಡುದು ಹತ್ತೊಂಬತ್ತನೆಯ ಶತಮಾನದ ಸಂಗತಿ. ಅದಕ್ಕೆ ಮೊದಲು ಚಿತ್ರಕಾರನನ್ನು ಕರೆಯಿಸಿ ಭಾವಚಿತ್ರವನ್ನು ಬರೆಯಿಸುವಷ್ಟು ಐಶ್ವರ್ಯವು ಅಂಗಡಿಕಾರನಿಗೆ ಎಲ್ಲಿಯದು? 1854ರಲ್ಲಿ ಪ್ಯಾರಿಸ್ ನಗರದ ಡಿಸ್ಡೆರಿ ಎಂಬಾತನು ಒಂದೇ ಫಲಕದ ಮೇಲೆ ಹಲವು ಕಿರುಚಿತ್ರಗಳನ್ನು ತೆಗೆಯುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದ ಬಳಿಕ ಛಾಯಾಚಿತ್ರವು ಅಗ್ಗವಾಯಿತು. ವರ್ತಕನ ಮುಖಕ್ಕೂ ಬೆಲೆ ಬಂದಿತು.

ಈ ಬೆಲೆಯ ಸ್ವರೂಪವನ್ನು ತಿಳಿಯಲು ಅಮೆರಿಕೆಯ ಲಿಡಿಯಾ ಪಿಂಕ್‌ಹ್ಯಾಮ್ ಎಂಬಾಕೆಯ ವೃತ್ತಾಂತಕ್ಕಿಂತ ಉತ್ತಮವಾದ ನಿದರ್ಶನವಿಲ್ಲ. ಮ್ಯಾಸಚೂಸೆಟ್ಸ್ ಸಂಸ್ಥಾನದ ಲಿನ್ ಪಟ್ಟಣದಲ್ಲಿ 1819ರಲ್ಲಿ ಹುಟ್ಟಿದ ಈಕೆ ಮೊದಲು ಉಪಾಧ್ಯಾಯಿನಿಯಾಗಿದ್ದವಳು. ಗುಲಾಮಗಿರಿಯನ್ನು ವಿರೋಧಿಸಿದ ಮನೆತನದವಳು. 1873ರ ಹಣಕಾಸಿನ ಕುಸಿತದಲ್ಲಿ ಪತಿಯು ಸರ್ವಸ್ವವನ್ನೂ ಕಳೆದುಕೊಂಡನು. ಅದುವರೆಗೆ ನೆರೆಹೊರೆಯ ಸ್ತ್ರೀಯರಿಗೆ ಧರ್ಮಾರ್ಥವಾಗಿ ಕೊಡುತ್ತಿದ್ದ ಗಿಡಮೂಲಿಕೆಯ ಕಷಾಯವನ್ನು 1875ರಿಂದ ಸೀಸೆಗೆ ಒಂದು ಡಾಲರಿನಂತೆ ಮಾರತೊಡಗಿದಳು. ಮನೆಯ ಒಲೆಯೇ ಕಾರ್ಖಾನೆ, ಮಕ್ಕಳೇ ಕೆಲಸಗಾರರು.

1879ರಲ್ಲಿ ಆಕೆಯ ಭಾವಚಿತ್ರವು ಜಾಹೀರಾತುಗಳಲ್ಲಿ ಕಾಣಿಸಿಕೊಂಡಿತು. ಕಪ್ಪು ಉಡುಪು, ಕೊರಳಲ್ಲಿ ಬಿಳಿಯ ಕಸೂತಿ, ಬಾಚಿದ ತಲೆ, ಶಾಂತವಾದ ನೋಟ. ರಾಣಿಯೂ ಅಲ್ಲ, ನಟಿಯೂ ಅಲ್ಲ, ನೆರೆಮನೆಯ ಅಜ್ಜಿ. ಅಂದಿನ ವೈದ್ಯರೆಲ್ಲ ಬಹುಮಟ್ಟಿಗೆ ಪುರುಷರು. ಅವರ ಚಿಕಿತ್ಸೆಯೋ ಕ್ರೂರ. ಹೇಳಿಕೊಳ್ಳಲು ನಾಚುವ ವ್ಯಾಧಿಗಳನ್ನು ಸ್ತ್ರೀಯರು ಈ ಮುಖವನ್ನು ನೋಡಿ ಕಾಗದದಲ್ಲಿ ಬರೆದು ಕಳುಹಿಸಿದರು. ಆಕೆಯೂ ಉತ್ತರ ಕೊಟ್ಟಳು. ವ್ಯಾಪಾರವು ಶೀಘ್ರವಾಗಿ ಬೆಳೆಯಿತು. ಬೇರೆ ಸ್ತ್ರೀಯರ ಅಚ್ಚುಗಳಿಲ್ಲದ ಸಣ್ಣ ಪತ್ರಿಕೆಗಳು ವಿಕ್ಟೋರಿಯಾ ರಾಣಿಯ ವಾರ್ತೆಗೂ ಇದೇ ಚಿತ್ರವನ್ನು ಬಳಸಿದುವೆಂಬ ವಿನೋದದ ಮಾತೂ ಉಂಟು.

ಇದೇ ಕಾಲದಲ್ಲಿ ಪೊಕಿಪ್ಸಿ ಪಟ್ಟಣದ ಸ್ಮಿತ್ ಸೋದರರು ಕೆಮ್ಮಿನ ಗುಳಿಗೆಯ ಮೇಲೆ ತಮ್ಮ ಗಡ್ಡದ ಮುಖಗಳನ್ನು ಅಚ್ಚುಹಾಕಿಸಿದರು. ಕೆಳಗೆ ‘ಟ್ರೇಡ್’ ಮತ್ತು ‘ಮಾರ್ಕ್’ ಎಂಬ ಮಾತುಗಳು ಒಬ್ಬೊಬ್ಬನಿಗೆ ಒಂದರಂತೆ ಬಿದ್ದುದರಿಂದ ಜನರು ಅವನ್ನೇ ಸೋದರರ ಹೆಸರುಗಳಾಗಿಸಿದರು! ಅಲ್ಲಿ ನಗೆಗೆ ಮಾತ್ರ ಆಸ್ಪದವಿತ್ತು. ಲಿನ್ ಪಟ್ಟಣದ ಕಥೆ ಅಷ್ಟು ನಿರಪಾಯಕರವಲ್ಲ.

1883ರ ಮೇ ತಿಂಗಳಲ್ಲಿ ಲಿಡಿಯಾ ತೀರಿಕೊಂಡಳು. ಮುಖವು ತೀರಿಕೊಳ್ಳಲಿಲ್ಲ. ಕಾಗದಗಳು ಬರುತ್ತಲೇ ಇದ್ದುವು. ಕಚೇರಿಯ ಗುಮಾಸ್ತೆಯರು ಉತ್ತರ ಬರೆಯುತ್ತಲೇ ಇದ್ದರು. ಶ್ರೀಮತಿ ಪಿಂಕ್‌ಹ್ಯಾಮಳಿಗೆ ಬರೆಯಿರಿ ಎಂಬ ಆಹ್ವಾನವೂ ಹಾಗೆಯೇ ಮುಂದುವರಿಯಿತು. ಜೀವಂತಳಾದವಳ ಚಿತ್ರವು ಸಾಕ್ಷಿ. ಗತಿಸಿದವಳದನ್ನು ಹಾಗೆ ನಿಲ್ಲಿಸುವುದು ಕೂಟಸಾಕ್ಷಿ. ತಾಯಿಗೂ ಹೇಳದ ಸಂಕಟವನ್ನು ತೋಡಿಕೊಂಡ ಬಡ ಹೆಂಗಸು ತನ್ನ ಓಲೆಯು ಯಾರ ಕೈಸೇರುವುದೆಂಬುದನ್ನು ಅರಿಯಳು. 1905ರಲ್ಲಿ ‘ಲೇಡೀಸ್ ಹೋಮ್ ಜರ್ನಲ್’ ಎಂಬ ಮಾಸಪತ್ರಿಕೆಯು ಆಕೆಯ ಸಮಾಧಿಶಿಲೆಯ ಛಾಯಾಚಿತ್ರವನ್ನು ಸಂಸ್ಥೆಯ ಜಾಹೀರಾತಿನೊಡನೆಯೇ ಪ್ರಕಟಿಸಿತು. ಚಿತ್ರವು ಕಟ್ಟಿದ ನಂಬಿಕೆಯನ್ನು ಚಿತ್ರವೇ ಅಲುಗಿಸಿತು. ಸೊಸೆ ಜೆನ್ನಿಯೂ ಶ್ರೀಮತಿ ಪಿಂಕ್‌ಹ್ಯಾಮಳೇ ಅಲ್ಲವೇ ಎಂದು ಸಂಸ್ಥೆಯು ಸಮಾಧಾನ ಹೇಳಿತು. ವ್ಯಾಕರಣಕ್ಕೆ ಒಪ್ಪುವ ಉತ್ತರ, ಧರ್ಮಕ್ಕಲ್ಲ.

1906ರ ಶಾಸನವು ಔಷಧದಲ್ಲಿರುವ ಮದ್ಯಸಾರದ ಪ್ರಮಾಣವನ್ನು ಸೀಸೆಯ ಮೇಲೆ ಬರೆಯಬೇಕೆಂದು ವಿಧಿಸಿತು. ಈ ಕಷಾಯದಲ್ಲಿ ಅದು ನೂರಕ್ಕೆ ಸುಮಾರು 18 ಭಾಗವಿತ್ತು. ಮದ್ಯಪಾನ ನಿಷೇಧವನ್ನು ಬೆಂಬಲಿಸಿದ್ದವಳ ಮುಖದೊಡನೆಯೇ ಆ ಅಂಕಿಯೂ ಮನೆಮನೆಗೆ ಹೋಯಿತು. ಆದರೂ ಕೊಳ್ಳುವವರಿಗೆ ಕೊರತೆಯಾಗಲಿಲ್ಲ. 1922ರಲ್ಲಿ ಮಗಳು ಅರೋಲಿನ್ ಎಂಬಾಕೆ ಸೇಲಂ ಪಟ್ಟಣದಲ್ಲಿ ತಾಯಿಯ ಹೆಸರಿನಿಂದ ಬಾಣಂತಿಯರಿಗೂ ಶಿಶುಗಳಿಗೂ ಒಂದು ಚಿಕಿತ್ಸಾಲಯವನ್ನು ತೆರೆದಳು.